ಖಾಲಿ ಜಮೀನಿನ ಅನುವಾದ

ಗೆಳೆಯರೇ, ಗಡಿಯಾಚೆಯ ಮಕ್ತಲ್ ಹತ್ತಿರದ ಎಣ್ಣೆ ತಾಳೆ ತೋಟದಲ್ಲಿ ಇವತ್ತು ನನ್ನ ದುಭಾಷಿ ಕೆಲಸ ಹೋಯಿತು.

'ಯಾರ ನೆಲೆಯನ್ನೂ ಕಸಿಯದೆ ತೆಗೆದ ಎಣ್ಣೆ' ಎಂಬ ಪ್ರಮಾಣಪತ್ರಕ್ಕಾಗಿ ತಪಾಸಣೆ ಮಾಡಲು ಹೈದರಾಬಾದಿನ ಮೇಡಂ ಬಂದಿದ್ದರು. ಕುರಿ ಕಾಯುವ ನಮ್ಮ ಮಾವನಿಗೆ ಕನ್ನಡವಷ್ಟೇ ಬರುತ್ತದೆ. "ತೋಟಕ್ಕಿಂತ ಮೊದಲು ಇಲ್ಲೇನಿತ್ತು?" ಎಂದು ಮೇಡಂ ತೆಲುಗಿನಲ್ಲಿ ಕೇಳಿದರು.

ನಾನು ಮಾವನಿಗೆ ಹೇಳುವಷ್ಟರಲ್ಲಿ ಕಂಪನಿಯ ಮ್ಯಾನೇಜರ್ ನಡುವೆ ಬಾಯಿ ಹಾಕಿ ನನಗೆ ಕನ್ನಡದಲ್ಲಿ ಹೇಳಿದ. "ಖಾಲಿ ಜಮೀನಿತ್ತು ಅಂತ ಹೇಳಪಾ, ಮುಗೀತು."

"ಖಾಲಿ ಇದ್ರ ನನ್ನ ಕುರಿ ಇಷ್ಟು ವರ್ಷ ಗಾಳಿ ಮೇಯ್ದಾವೇನು?" ಎಂದರು ಮಾವ. "ಈಗ ಬೇಲಿ ಹಾಕ್ಯಾರ. ಎಲ್ಲಿ ಮೇಯಿಸ್ಲಿ?"

ಅದನ್ನು ಒಂದು ಪದವೂ ಬಿಡದೆ, ಜೋರಾಗಿ ತೆಲುಗಿನಲ್ಲಿ ಹೇಳಿದೆ.

"ನಿನ್ನ ಕರ್ಸಿದ್ದು ಯಾಕ?" ಮ್ಯಾನೇಜರ್ ಹಲ್ಲು ಕಡಿದ.

"ಅನುವಾದ ಮಾಡಾಕ್ರಿ."

ನಾಳೆ ರಾಯಚೂರಿನಿಂದ ಬೇರೆ ದುಭಾಷಿಯನ್ನು ಕರೆಸುತ್ತಾರಂತೆ. ಕರೆಸಲಿ. ರಾಯಚೂರಿನವನಿಗೆ ಮಾವನ ಕನ್ನಡ ನನಗಿಂತ ಚೆನ್ನಾಗಿ ತಿಳಿಯುತ್ತದೆ.