ಮಗ್ಗದ ಗುಂಡಿಗೆ ಒಂದು ಚಪ್ಪಡಿ

ಹಿಂದೂಪುರದಲ್ಲಿ ಕೆಲಸಕ್ಕಿದ್ದಾಗ ನಾನು ಯಾವ ಪ್ರಯಾಣಕ್ಕೂ ಮೊದಲು ಒಂದು ಚೀಟಿ ಬರೆಯುತ್ತಿದ್ದೆ. ಎಷ್ಟು ಗಂಟೆಗೆ ಬಸ್ಸು, ಎಲ್ಲಿ ಊಟ, ಎಷ್ಟು ಹೊತ್ತು. ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಮಲಗಿ ಬೆಳೆದವಳ ಅಭ್ಯಾಸ. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅಪ್ಪನನ್ನು ಕಲ್ಯಾಣದುರ್ಗದ ಪಕ್ಕದ ನಮ್ಮೂರಿಗೆ ಬಿಡಲು ಹೊರಟಾಗಲೂ ಚೀಟಿ ಇತ್ತು: ದಾರಿಯಲ್ಲಿ ಪೆನುಕೊಂಡದ ಕೋಟೆ, ಎರಡು ಗಂಟೆ.

ಅಪ್ಪನಿಗೆ ಕೋಟೆ ಬೇಕಿರಲಿಲ್ಲ. ಅವರು ನೇಕಾರರು, ಜರಿ ಕೊಳ್ಳಲು ನನ್ನಲ್ಲಿಗೆ ಬಂದಿದ್ದರು. ಊರಿನಲ್ಲಿ ಮಗ್ಗ ನಿಂತುಹೋಗಿತ್ತು. ನೇಯುವಾಗ ಕಾಲು ಇಳಿಬಿಟ್ಟು ಕೂರುವ ಗುಂಡಿಯ ಮುಂದಿನ ಮಣ್ಣುಗೋಡೆ ಕುಸಿದಿತ್ತು. ಮಗ್ಗದ ಮೇಲೆ ನನ್ನ ತಂಗಿಯ ಮದುವೆ ಸೀರೆ ಅರ್ಧಕ್ಕೆ ನಿಂತಿತ್ತು. ನಮ್ಮ ಮನೆಯ ಹೆಣ್ಣುಮಕ್ಕಳು ಮದುವೆಯ ದಿನ ಅಪ್ಪ ನೇಯ್ದದ್ದನ್ನೇ ಉಡುವುದು. ಉಳಿದಿದ್ದದ್ದು ಮೂರು ವಾರ.

"ಕಲ್ಲು ನೋಡೋಕೆ ಬಸ್ಸಿಳೀಬೇಕೇನಮ್ಮ? ನಮ್ಮೂರಾಗೆ ಕಲ್ಲು ಬಿಟ್ರೆ ಇನ್ನೇನೈತೆ?" ಎಂದು ಗೊಣಗುತ್ತಲೇ ಬೆಟ್ಟ ಹತ್ತಿದರು.

ಮೊದಲ ಬಾಗಿಲು ದಾಟಿದ ಮೇಲೆ ಗೊಣಗು ನಿಂತಿತು. ಬೆಟ್ಟದ ಬಂಡೆ ಎಲ್ಲಿ ಮುಗಿಯಿತು, ಕಟ್ಟಿದ ಗೋಡೆ ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಆನೆಯಷ್ಟು ದೊಡ್ಡ ಕಲ್ಲಿನ ಪಕ್ಕಕ್ಕೆ ಇನ್ನೊಂದು, ನಡುವೆ ಗಾರೆಯಿಲ್ಲ. ಅಪ್ಪ ಸಂದಿಗೆ ಉಗುರು ತೂರಿಸಲು ನೋಡಿದರು, ಹೋಗಲಿಲ್ಲ. ಕಣ್ಣೆತ್ತಿದರೆ ಗೋಡೆ ಇಳಿಜಾರಿನಲ್ಲಿ ಇಳಿದು, ಮತ್ತೊಂದು ಬಂಡೆಯ ಮೇಲೇರಿ, ಬಿಸಿಲಿನಲ್ಲಿ ಕಣ್ಮರೆಯಾಗುತ್ತಿತ್ತು. ನಾವಿಬ್ಬರೂ ಇರುವೆಗಳಂತೆ ಅದರ ಬುಡದಲ್ಲಿ ನಿಂತಿದ್ದೆವು.

"ಒಂದು ಎಳೆ ತಪ್ಪಿಲ್ಲ ಕಣಮ್ಮ," ಎಂದರು ಅಪ್ಪ.

ಅಂದು ನಾನು ಗಡಿಯಾರ ನೋಡುವುದನ್ನು ಮರೆತೆ. ಚೀಟಿಯ ಬಸ್ಸು ತಪ್ಪಿತು; ಊರು ಸೇರುವಾಗ ರಾತ್ರಿಯಾಗಿತ್ತು.

ಮರುದಿನ ಬೆಳಿಗ್ಗೆ ಚಿಕ್ಕಪ್ಪ ಎತ್ತಿನ ಗಾಡಿ ಹೂಡಿಕೊಂಡು ಬಂದರು. ಅವರು ಮಗ್ಗ ಬಿಟ್ಟು ಹೊಲ ಹಿಡಿದವರು. ಊರಾಚೆಯ ಗುಡ್ಡದ ಮೇಲೆ, ನಿಲ್ಲಿಸಿದ ಕಲ್ಲುಗಳ ಮೇಲೆ ಚಪ್ಪಡಿ ಹೊದಿಸಿದ ಪುಟ್ಟ ಗೂಡುಗಳಿದ್ದವು; ಊರವರಿಗೆ ಅವು ಪಾಂಡವರ ಮನೆಗಳು. ಅಲ್ಲಿಂದ ಕಲ್ಲು ಕಿತ್ತು ತಂದು ಕೊಟ್ಟಿಗೆಗೆ, ಬಚ್ಚಲಿಗೆ ಹಾಕಿಕೊಂಡವರಿದ್ದರು. ಒಂದು ಚಪ್ಪಡಿ ಗುಂಡಿಯ ಗೋಡೆಗೆ ನಿಲ್ಲಿಸಿದರೆ ನಾಳೆಯೇ ಮಗ್ಗ ಆಡುತ್ತದೆ ಎಂಬುದು ಚಿಕ್ಕಪ್ಪನ ಲೆಕ್ಕ. ಹಿಂದಿನ ದಿನವೇ ಹೋಗಿ ಒಂದು ಗೂಡಿನ ಮೇಲುಚಪ್ಪಡಿಯ ಮೂಲೆಯನ್ನು ಹಾರೆಯಿಂದ ಮೀಟಿ, ಸಂದಿಗೆ ಗುಂಡುಕಲ್ಲು ಸಿಕ್ಕಿಸಿ ಬಂದಿದ್ದರು.

ಆ ಗೂಡಿಗೆ ಮೂರೇ ಗೋಡೆ. ನಾಲ್ಕನೆಯದು ಎಂದೋ ಬಿದ್ದಿತ್ತು. ಎದುರಿನ ಕಲ್ಲಿನಲ್ಲಿ ತಟ್ಟೆಯಗಲದ ದುಂಡು ಕಿಂಡಿ. ಅಳತೆ ನೋಡುತ್ತೇನೆಂದು ಅಪ್ಪ ಒಳಕ್ಕೆ ನುಸುಳಿ ಕುಳಿತರು. ಕಿಂಡಿಯಿಂದ ಬಂದ ಬಿಸಿಲು ನೇರ ಅವರ ಮಡಿಲಿಗೆ ಬಿತ್ತು. ಅವರು ಲಾಳಿ ಎಸೆಯುವವರಂತೆ ಎರಡೂ ಕೈ ಚಾಚಿದರು. ಬೆರಳುಗಳು ಎರಡು ಗೋಡೆಗಳನ್ನೂ ಮುಟ್ಟಿದವು.

"ಇದು ಮಗ್ಗದ ಗುಂಡಿ ಕಣ್ಲಾ. ಬೆಳಕಿಗೆ ಕಿಂಡಿ ಬೇರೆ ಮಡಗವ್ನೆ. ಇಲ್ಯಾವನೋ ನಮ್ಮೋನು ಕೂತಿದ್ದ."

"ಕೂತಿದ್ದೋನು ಎದ್ದೋಗವ್ನೆ, ನೀನೂ ಏಳಣ್ಣ. ತೊಂದರಗಾ," ಎಂದರು ಚಿಕ್ಕಪ್ಪ. ಬೇಗ ಎನ್ನುವುದಕ್ಕೆ ಅವರ ಬಾಯಲ್ಲಿ ತೆಲುಗೇ ಬರುತ್ತಿತ್ತು.

ತಪ್ಪನ್ನು ತಿದ್ದದೆ ಬಿಡುವುದು ನನ್ನಿಂದ ಆಗದ ಕೆಲಸ. "ಅಪ್ಪಾ, ಅದು ಮಗ್ಗ ಅಲ್ಲ, ಸಮಾಧಿ. ಸಾವಿರಾರು ವರ್ಷದ್ದು. ಹೊರಕ್ಕೆ ಬಾ," ಎಂದೆ.

ಗಾಬರಿಯಾಗಿ ಹೊರಬರುತ್ತಾರೆ ಎಂದುಕೊಂಡಿದ್ದೆ. ಅವರು ಅಲುಗಲಿಲ್ಲ. ಒಳಗಿನ ಮಣ್ಣನ್ನು ಅಂಗೈಯಿಂದ ಸವರಿದರು.

"ಕೂರಿಸಿದ್ರಾ, ಮಲಗಿಸಿದ್ರಾ?"

"ಗೊತ್ತಿಲ್ಲ," ಎಂದೆ.

"ಇಷ್ಟು ಜಾಗದಾಗೆ ಮಲಗಿಸೋಕೆ ಎಲ್ಲಾಯ್ತದೆ? ಕೂರಿಸವ್ರೆ. ನಮ್ಮೋರಂಗೇ."

ನಮ್ಮವರಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ತಾತನಿಗೆ ಗುಂಡಿ ತೆಗೆಸಿದ್ದು ಅಪ್ಪನೇ.

"ಎರಡಕ್ಕೂ ಒಂದೇ ಅಳತೆ ಕಣಮ್ಮ," ಎಂದರು. ಸಾವಿರಾರು ವರ್ಷ ಎಂಬ ಮಾತನ್ನು ನಾನು ಎಷ್ಟು ಸಲೀಸಾಗಿ ಹೇಳಿದ್ದೆ. ಅದರ ನಡುವೆ ಈಗ ಅಪ್ಪ ಮೊಣಕಾಲು ಮಡಚಿಕೊಂಡು ಕುಳಿತಿದ್ದರು.

ಹೊರಬಂದವರು ಹಾರೆಗೆ ಕೈ ಚಾಚಿದರು. "ಮುಚ್ಚಳ ಇದ್ದಂಗೆ ಕೂರಿಸ್ಬುಡಾನ ಬಾ."

ಚಿಕ್ಕಪ್ಪ ಹಾರೆ ಕೊಡಲಿಲ್ಲ. "ಮಗಳ ಸೀರೆ ಮಗ್ಗದ ಮ್ಯಾಲೆ ನೇತಾಡ್ತೈತೆ. ಯಾವನೋ ಸತ್ತೋನ ಮ್ಯಾಲೆ ಮರುಕ ಬಂದ್ಬುಡ್ತು ನಿಂಗೆ. ಮದುವೆ ದಿನ ಅವಳಿಗೇನು ಉಡಿಸ್ತೀಯ, ಈ ಕಲ್ಲಾ?"

"ಇಟ್ಟಿಗೆ ಕಟ್ತೀನಿ."

"ಒಣಗೋಕೆ ವಾರ ಬೇಕು."

"ಒಣಗದೇ ಇದ್ರೂ ಇಳೀತೀನಿ. ಇವನ ಮುಚ್ಚಳ ಕಿತ್ತು ನನ್ನ ಕಾಲ ಮುಂದೆ ನಿಲ್ಲಿಸ್ಕೊಂಡ್ರೆ ನಂಗೆ ಲಾಳಿ ಓಡಾಕಿಲ್ಲ ಕಣೋ."

ಕೊನೆಗೆ ಚಿಕ್ಕಪ್ಪ ತಾವೇ ಚಪ್ಪಡಿಗೆ ಹಾರೆ ಹಾಕಿದರು. ನಾನು ಗುಂಡುಕಲ್ಲನ್ನು ಎಳೆದೆ. ಚಪ್ಪಡಿ ತನ್ನ ಹಳೆಯ ಜಾಗಕ್ಕೆ ಇಳಿದಾಗ ಬಂದ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯಿತು. ಎತ್ತುಗಳು ಕೂಡ ಕತ್ತೆತ್ತಿದವು.

ಇಟ್ಟಿಗೆ ಗೋಡೆ ಎದ್ದದ್ದು ನಾಲ್ಕನೆಯ ದಿನ. ಅದು ಒಣಗುವ ಮುನ್ನವೇ ಅಪ್ಪ ಗುಂಡಿಗೆ ಇಳಿದರು. ಸೀರೆ ಮಗ್ಗದಿಂದ ಇಳಿದದ್ದು ಮದುವೆಯ ಹಿಂದಿನ ದಿನ ಬೆಳಿಗ್ಗೆ. ಅಂಚಿಗೆ ಒಂದು ಕಡೆ ಹಸಿಮಣ್ಣಿನ ಕಲೆ ತಗುಲಿತ್ತು. ತಂಗಿ ಅದನ್ನು ಒಳಕ್ಕೆ ಮಡಿಸಿ ಉಟ್ಟಳು.