ಆಶ್ರಯಕ್ಕೆ ನಾರ್ವೆಯ ಮಾತು

ಲಂಡನ್ನಿನ ಕಿಂಗ್ಸ್‌ಬರಿಯ ನಮ್ಮ ಫ್ಲಾಟಿನ ಅಡುಗೆಮನೆಯಲ್ಲಿ ಮೇಲಿನ ಮನೆಯ ನಾರ್ವೆ ಹುಡುಗಿ ಒಂದು ಚೀಲ ಹಿಡಿದು ಕೂತಿದ್ದಳು. ಗಂಡ ಕೈಮಾಡುತ್ತಿದ್ದ. ಹೊಡೆತ ತಿಂದ ಹೆಂಗಸರನ್ನು ಗುಟ್ಟಾಗಿ ಇರಿಸಿಕೊಳ್ಳುವ ಮನೆಗೆ ಇಲ್ಲಿ ರೆಫ್ಯೂಜ್ ಅನ್ನುತ್ತಾರೆ; ಅಲ್ಲಿಗೆ ಕರೆದೊಯ್ಯಲು ಕಾರು ಬರುವುದಿತ್ತು. ಅಷ್ಟರಲ್ಲಿ ಊರಿನಲ್ಲಿರುವ ತಾಯಿಗೆ ಎರಡು ಸಾಲು ಬರೆಯಬೇಕು. ರೆಫ್ಯೂಜ್ ಎಂಬ ಆ ಒಂದು ಪದಕ್ಕೇ ಅವಳಿಗೆ ತಾಯ್ನುಡಿ ಹೊಳೆಯುತ್ತಿಲ್ಲ.

ಜೀವಮಾನವಿಡೀ ನಿಘಂಟು ಓದಿ ಯಾರಿಗೂ ಉಪಕಾರವಾಗದ ನನಗೆ ಇದು ಯೋಗವೇ ಸರಿ. ಕನ್ನಡಕ ಏರಿಸಿ, ಫೋನಿನಲ್ಲಿ ಹುಡುಕಿ, ಪೀಠಾಧಿಪತಿಯ ಗತ್ತಿನಲ್ಲಿ ಅಪ್ಪಣೆ ಕೊಡಿಸಿದೆ. ‘ಟಿಲ್‌ಫ್ಲುಕ್ಟ್’? ಅದು ಯುದ್ಧಕ್ಕೆ ಹೆದರಿ ಓಡುವವರದು, ಅಮ್ಮನಿಗೆ ಎದೆ ಒಡೆಯುತ್ತದೆ ಎಂದಳು. ‘ಅಸ್ಯೂಲ್’? ಅದಕ್ಕೆ ಸರ್ಕಾರದ ಮೊಹರು ಬೇಕಂತೆ. ‘ಲ್ಯೂ’? ಗಾಳಿಮಳೆ ಬಂದಾಗ ಬಂಡೆಯ ಮರೆಗೆ ನಿಲ್ಲುವುದು. ಅವಳು ತಲೆಯೆತ್ತಿದಳು.

ಬೆಲ್ ಹೊಡೆಯಿತು.

ಬಾಗಿಲು ತೆಗೆದವಳು ನನ್ನ ಹೆಂಡತಿ. ಬಂದವನು ಅವನೇ. ಬಾಗಿಲಿಗೆ ಬಂದವರನ್ನು ಹೊಸ್ತಿಲಾಚೆ ನಿಲ್ಲಿಸಿ ಮಾತಾಡಿಸುವ ವಿದ್ಯೆ ನಮ್ಮವಳಿಗೆ ಲಂಡನ್ ಇನ್ನೂ ಕಲಿಸಿಲ್ಲ. “ಕಮ್ ಕಮ್, ಹ್ಯಾವ್ ಕಾಫಿ” ಎಂದುಬಿಟ್ಟಳು. ಅಂದಮೇಲೆಯೇ ಅವಳಿಗೆ ತಾನು ಮಾಡಿದ್ದು ಹೊಳೆದದ್ದು.

ಅವನು ಸೋಫಾದಲ್ಲಿ ಕೂತು, ಹೆಂಡತಿಯನ್ನು ಕಂಡಿರಾ ಎಂದು ಬಹಳ ಸೌಜನ್ಯದಿಂದ ಕೇಳಿದ. ಇಲ್ಲವೆಂದೆ. ಅಡುಗೆಮನೆಯ ಬಾಗಿಲು ಬರೀ ಮುಂದೆ ಮಾಡಿತ್ತು. ಅದಕ್ಕೆ ಚಿಲಕವೇ ಇಲ್ಲ. ಒಳಗಿಂದ ಒಂದು ಕೆಮ್ಮು ಬಂದರೂ ಮುಗಿಯಿತು. ನಾನು ಈ ದೇಶದ ಹವಾಮಾನದ ಮೇಲೆ ಉಪನ್ಯಾಸ ಆರಂಭಿಸಿದೆ. ಕಾಫಿ ಬಂತು. ಅವನು ನಿಧಾನವಾಗಿ ಕುಡಿದ. ಕುಡಿದು ಎದ್ದು, ಕಪ್ ತೊಳೆದಿಟ್ಟೇ ಹೋಗುತ್ತೇನೆ ಎಂದು ಅಡುಗೆಮನೆಯತ್ತ ತಿರುಗಿದ.

ನನ್ನಾಕೆ ಅಡ್ಡ ನಿಂತಳು. ಮನೆಗೆ ಬಂದವರ ಕೈಲಿ ಎಂಜಲು ತೊಳೆಸಿದರೆ ನಮಗೆ ಶ್ರೇಯಸ್ಸಲ್ಲ ಎಂದು ಇಂಗ್ಲಿಷಿನಲ್ಲಿ ಧರ್ಮಶಾಸ್ತ್ರ ಹೇಳಿ, ಕಪ್ಪನ್ನು ಕಿತ್ತುಕೊಂಡೇಬಿಟ್ಟಳು. ನಗುನಗುತ್ತಲೇ ನನ್ನ ಕಡೆ ತಿರುಗಿದಳು.

“ರೀ, ಇವರನ್ನ ಲಿಫ್ಟ್‌ವರೆಗೂ ಬಿಟ್ಟು ಬನ್ನಿ. ಅದು ಮೇಲಕ್ಕೆ ಹೋಗೋವರೆಗೂ ಅಲ್ಲೇ ನಿಂತಿರಿ.”

ನಿಂತೆ. ಲಿಫ್ಟ್ ಹೋಯಿತು.

ವಾಪಸ್ಸು ಬಂದಾಗ ಹುಡುಗಿ ‘ಲ್ಯೂ’ ಎಂದೇ ಬರೆದು ಕಳಿಸಿಯಾಗಿತ್ತು. ಸ್ವೆಟರ್ ಇಟ್ಟುಕೊಂಡೆಯಾ ಎಂದು ತಾಯಿ ಕೇಳಿದ್ದಳಂತೆ. ಅದನ್ನು ಹೇಳುವಾಗಲೇ ಹುಡುಗಿಗೆ ಅಳು ಬಂದದ್ದು. ಕಾರು ಹಿಂದಿನ ಗೇಟಿಗೆ ಬಂತು. ಅವಳು ಹತ್ತುವಾಗ ನಾನು ಬಾಯಿ ತೆರೆದೆ. ಹೆಂಡತಿ ರಟ್ಟೆ ಚಿವುಟಿದಳು.

“ಹೊರಟೋರನ್ನ ಎಲ್ಲಿಗೆ ಅಂತ ಕೇಳ್ತಾರೇನ್ರೀ?”

ಕೇಳಲಿಲ್ಲ. ಮರುದಿನ ಅವನು ಮತ್ತೆ ಬಂದು, ಈ ಸಲ ಸೌಜನ್ಯವಿಲ್ಲದೆ, ಎಲ್ಲಿ ಎಂದ. ಗೊತ್ತಿಲ್ಲ ಎಂದೆ. ಸತ್ಯ ಹೇಳುವಾಗಲೂ ಕಾಲು ನಡುಗುತ್ತದೆಂದು ತಿಳಿದದ್ದು ಆಗಲೇ.