ಕಂಪ್ಲಿ ಕಡೆ ತಿರುಗಿದರೆ ಗೊರಗೊರ

ಸಂಜೆಯಾಯಿತೆಂದರೆ ನಮ್ಮ ಮನೆಯ ಒಂದು ಕಿಟಕಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಹೊಸಪೇಟೆಯ ನಮ್ಮ ಬೀದಿಯಲ್ಲಿ ಇದಕ್ಕೆ ಸಾಕಷ್ಟು ಹೆಸರು ಬಂದಿದೆ. ಎದುರುಮನೆಯಾಕೆ ಒಮ್ಮೆ ಮೆತ್ತಗೆ ವಿಚಾರಿಸಿದರು: "ಏನ್ರಿ, ಒಳಗ ಆರ್ಕೆಸ್ಟ್ರಾ ಗೀರ್ಕೆಸ್ಟ್ರಾ ಇಟ್ಟೀರೇನ್ರಿ?"

ಆರ್ಕೆಸ್ಟ್ರಾ ಅಲ್ಲ, ಆಫ್ರಿಕನ್ ವಯಲೆಟ್. ಅಂಗೈಯಗಲದ ಗಿಡ, ಮಖಮಲ್ಲಿನಂಥ ಎಲೆ, ನಡುವೆ ನಾಚಿಕೊಂಡು ಕೂತ ಹೂ. ನಾನು ಓದಿದ ಕಾನ್ವೆಂಟಿನಲ್ಲಿ ದೊಡ್ಡ ಸಿಸ್ಟರ್ ಅವರ ಕೋಣೆಯ ಕಿಟಕಿಯಲ್ಲಿ ಅದರ ಸಾಲೇ ಇತ್ತು. ಆ ಕೋಣೆಗೆ ಬೇರೆ ಹುಡುಗಿಯರು ಬಹುಮಾನ ತೆಗೆದುಕೊಳ್ಳಲು ಹೋಗುತ್ತಿದ್ದರು. ನಾನು ಹೋಗುತ್ತಿದ್ದುದು ತರಗತಿಯಲ್ಲಿ ಮಾತಾಡಿ ಸಿಕ್ಕಿಬಿದ್ದಾಗ. ಬೈಗುಳ ಮುಗಿಯುವ ತನಕ ತಲೆ ತಗ್ಗಿಸಿ ಹೂ ನೋಡುತ್ತಾ ನಿಂತಿರಬೇಕು. ಹಾಗಾಗಿ ನನ್ನ ಓರಗೆಯವರಿಗಿಂತ ನನಗೆ ಆ ಗಿಡದ ಪರಿಚಯ ಹೆಚ್ಚು.

ಅದನ್ನು ಹೊಸಪೇಟೆಯಲ್ಲಿ ಬೆಳೆಸುವುದು ಮಾತ್ರ ಸುಲಭವಲ್ಲ. ಬಾಲ್ಕನಿಯಲ್ಲಿಟ್ಟ ಗಿಡ ವಾರದೊಳಗೆ ಸಂಡೂರಿನ ಬೆಟ್ಟದ ಬಣ್ಣಕ್ಕೆ ಬರುತ್ತದೆ. ಅದಿರಿನ ಲಾರಿಗಳು ಹೋದಷ್ಟೂ ದೂಳು, ದೂಳು ಬಿದ್ದಷ್ಟೂ ಕೆಂಪು. ಮಲ್ಲಿಗೆಯಾದರೆ ಒಂದು ಚೊಂಬು ನೀರು ಸುರಿದು ಮುಖ ತೊಳೆಸಬಹುದು. ವಯಲೆಟ್ಟಿನ ಎಲೆಗೆ ನೀರು ಬಿದ್ದರೆ ಕಲೆ ಕೂರುತ್ತದೆ. ನಮ್ಮ ಬಿಸಿಲಂತೂ ಅದಕ್ಕೆ ಆಗಿಬರುವುದೇ ಇಲ್ಲ. ಕೊನೆಗೆ ಗಿಡಗಳನ್ನು ಒಳಕೋಣೆಗೆ ತಂದು, ಮನೆಯೊಳಗೆ ಗಿಡ ಬೆಳೆಸುವ ನೇರಳೆ ದೀಪವೊಂದನ್ನು ಫೋನಿನಲ್ಲೇ ತರಿಸಿಕೊಂಡೆ. ಬಹಳ ಅಗ್ಗಕ್ಕೆ ಸಿಕ್ಕಿತು. ಏಕೆ ಅಗ್ಗ ಎಂದು ಆಗ ಯೋಚಿಸಲಿಲ್ಲ.

ಗಿಡಕ್ಕೆ ದೀಪ ಬಂದ ವಾರದಲ್ಲೇ ಅತ್ತೆಯವರ ರೇಡಿಯೊಗೆ ಕಾಯಿಲೆ ಬಂತು.

ಅತ್ತೆಯವರ ರೇಡಿಯೊ ಸೆಲ್ಲು ಹಾಕುವ ಹಳೆಯ ಡಬ್ಬಿ. ಸಂಜೆ ಅದರಲ್ಲಿ ವಚನಗಾಯನ ಕೇಳುತ್ತಾರೆ, ಆಮೇಲೆ ಪೇಟೆಧಾರಣೆ ಕೇಳಿ, ಭತ್ತದ ದರ ಹೇಳಿದವರನ್ನು ಬೈಯುತ್ತಾರೆ. ಈಗ ವಚನದ ನಡುವೆ ಯಾರೋ ಗಂಟಲು ಸರಿಮಾಡಿಕೊಳ್ಳುವಂತೆ ಗೊರಗೊರ ಶುರುವಾಯಿತು. ಉಕ್ಕಿನ ವ್ಯಾಪಾರದಲ್ಲಿರುವ ನನ್ನ ಯಜಮಾನರು ಊಟಕ್ಕೆ ಕೂತಲ್ಲೇ ತೀರ್ಪು ಕೊಟ್ಟರು: "ಸಂಡೂರ್ ಗುಡ್ಡದಾಗ ಕಬ್ಬಿಣ ಐತಲ್ಲ, ಅದು ಅಲೆ ಎಳ್ಕೊಂತೈತಿ." ಹಲ್ಲುನೋವಿನಿಂದ ಹಿಡಿದು ಟೊಮೆಟೊ ದರದ ತನಕ ಎಲ್ಲಕ್ಕೂ ಅವರು ಅದಿರನ್ನೇ ಕಾರಣ ಮಾಡುತ್ತಾರೆ.

ಅತ್ತೆಯವರು ಒಪ್ಪಲಿಲ್ಲ. ಡಬ್ಬಿಯನ್ನು ಅತ್ತಿತ್ತ ತಿರುಗಿಸಿ ಅವರು ತಮ್ಮದೇ ಸಂಶೋಧನೆ ನಡೆಸಿದ್ದರು. ಸಂಡೂರಿನ ಕಡೆ ಮುಖ ಮಾಡಿಟ್ಟರೆ ವಚನ ಸ್ವಚ್ಛ. ಕಂಪ್ಲಿಯ ಕಡೆ ಮುಖ ಮಾಡಿದರೆ ಗೊರಗೊರ.

"ನೋಡವಾ," ಎಂದರು ನನ್ನನ್ನು ಪಕ್ಕಕ್ಕೆ ಕರೆದು. "ಅವನೂರ ಕಡೆ ಮುಖ ಮಾಡಿದ್ರ ಸಾಕು, ಗೊಣಗತೈತಿ. ಕೂಸಿದ್ದಾಗಿಂದ ಅವಂದು ಹಿಂಗ."

'ಅವನು' ಎಂದರೆ ಅವರ ತಮ್ಮ ಪಂಪಣ್ಣ ಮಾವ. ಕಂಪ್ಲಿಯ ಹತ್ತಿರ ಎಮ್ಮಿಗನೂರಿನಲ್ಲಿ ಅವರ ಗದ್ದೆ, ಕಬ್ಬು, ಮತ್ತು ಆಗಷ್ಟೇ ಕಟ್ಟಿ ಮುಗಿಸಿದ ಹೊಸ ಮನೆ. ಅದರ ಗೃಹಪ್ರವೇಶ ಹತ್ತಿರ ಬಂದಿತ್ತು. ಹೊಸ ಒಲೆಯ ಮೇಲೆ ಹಾಲು ಉಕ್ಕುವಾಗ ಮನೆಯ ಹಿರಿಯ ಹೆಣ್ಣುಮಗಳು ಮುಂದೆ ನಿಲ್ಲಬೇಕೆಂಬುದು ಆ ಮನೆಯ ಪದ್ಧತಿ. ಹೆಣ್ಣುಮಗಳನ್ನು ಕರೆಯಲು ತಮ್ಮನಾದವನು ಹೆಂಡತಿಯ ಜೊತೆ ಬಂದು ಕುಂಕುಮ ಹಚ್ಚಬೇಕೆಂಬುದೂ ಪದ್ಧತಿಯೇ. ಗಾರೆ ಕೆಲಸದವರ ಹಿಂದೆ ಓಡಾಡಿ ಸುಸ್ತಾಗಿದ್ದ ಮಾವ, ಕರೆಯೋಲೆಯ ಫೋಟೊ ತೆಗೆದು ನನ್ನ ಯಜಮಾನರ ವಾಟ್ಸಾಪಿಗೆ ಕಳಿಸಿ ಕೈತೊಳೆದುಕೊಂಡಿದ್ದರು. ಕೆಳಗೆ ಎರಡು ಕೈ ಮುಗಿದ ಚಿತ್ರ, ಒಂದು ಕುಂಕುಮದ ಬಟ್ಟಲಿನ ಚಿತ್ರ.

"ಫೋನಿನ್ಯಾಗ ಕುಂಕುಮ ಕಳಿಸ್ಯಾನ," ಎಂದು ಅತ್ತೆಯವರು ಫೋನನ್ನು ದೂರ ಹಿಡಿದು ನೋಡಿದರು. "ಎಲ್ಲಿ ಹಚ್ಕೊಳ್ಳಲಿ, ಗಾಜಿಗೆ? ನಾ ಹೋಗಂಗಿಲ್ಲ."

ಅವರು ಹೋಗುವುದಿಲ್ಲ ಎಂದರೆ ಹೋಗುವುದೇ ಇಲ್ಲ. ಹಾಲು ಯಾರೂ ನೋಡದೆಯೂ ಉಕ್ಕುತ್ತದೆ, ಸರಿ. ಆದರೆ ಆಮೇಲೆ ಆ ಮನೆಯ ಹೊಸಿಲು ಅತ್ತೆಯವರಿಗೆ ಜನ್ಮವಿಡೀ ಎತ್ತರವಾಗಿಬಿಡುತ್ತಿತ್ತು. ರೇಡಿಯೊವನ್ನು ಸಂಡೂರಿನ ಕಡೆ ಇಟ್ಟುಕೊಂಡು ಸುಮ್ಮನೆ ಕೇಳಬಹುದಿತ್ತಲ್ಲ? ಇಲ್ಲ, ಸಂಜೆಗೊಮ್ಮೆ ಕಂಪ್ಲಿಯ ಕಡೆ ತಿರುಗಿಸಿ, ಅದು ಇನ್ನೂ ಗೊಣಗುತ್ತಿದೆ ಎಂದು ಖಾತ್ರಿ ಮಾಡಿಕೊಂಡೇ ಅವರಿಗೆ ಸಮಾಧಾನ. ತಮ್ಮನ ದನಿ ಹೇಗಾದರೂ ಕೇಳಿದರೆ ಸಾಕು ಎಂಬಂತೆ.

ಒಂದು ಸಂಜೆ ಅತ್ತೆಯವರು ದೇವರ ಮನೆಯಲ್ಲಿದ್ದಾಗ ಕರೆಂಟು ಹೋಯಿತು. ಸೆಲ್ಲಿನ ರೇಡಿಯೊ ನಿಲ್ಲಲಿಲ್ಲ, ಗೊರಗೊರ ಮಾತ್ರ ನಿಂತಿತು. ಅದೂ ಕಂಪ್ಲಿಯ ಕಡೆ ಮುಖ ಮಾಡಿಕೊಂಡೇ! ಕರೆಂಟು ಬಂದ ಮೇಲೆ ಫ್ಯಾನು ಹಾಕಿ ನೋಡಿದೆ, ಮಿಕ್ಸಿ ಹಾಕಿ ನೋಡಿದೆ. ನೇರಳೆ ದೀಪ ಹಾಕಿದೊಡನೆ ಪಂಪಣ್ಣ ಮಾವ ಗೊಣಗಿದರು.

ದೀಪದ ಜೊತೆ ಟ್ಯೂಬ್‌ಲೈಟಿಗೆ ಇರುವಂಥದೇ ಒಂದು ಚೋಕು ಇರುತ್ತದೆ. ಈ ಕಾಲದ ಚೋಕು ಸುಮ್ಮನೆ ಕೂರುವ ಪ್ರಾಣಿಯಲ್ಲ. ಒಂದೇ ಕ್ಷಣದಲ್ಲಿ ಸಾವಿರಾರು ಸಲ ಕರೆಂಟನ್ನು ಹಾಕಿ ತೆಗೆದು ಮಾಡುತ್ತದೆ. ಆ ಗಡಿಬಿಡಿಯಲ್ಲಿ ತಾನೇ ಒಂದು ಪುಟ್ಟ ರೇಡಿಯೊ ಕೇಂದ್ರವಾಗಿ ಮನೆಯ ವೈರುಗಳಲ್ಲೆಲ್ಲ ಪ್ರಸಾರ ಶುರುಮಾಡುತ್ತದೆ. ಒಳ್ಳೆಯ ಚೋಕಿನಲ್ಲಿ ಅದರ ಬಾಯಿ ಕಟ್ಟುವ ಏರ್ಪಾಡು ಇರುತ್ತದಂತೆ. ಅಗ್ಗದ್ದರಲ್ಲಿ ಆ ಸಂಸ್ಕಾರ ಇರುವುದಿಲ್ಲ. ಇನ್ನು ದಿಕ್ಕಿನ ಮಾತು. ರೇಡಿಯೊದ ಹೊಟ್ಟೆಯಲ್ಲಿ ಒಂದು ಕಪ್ಪು ಕಡ್ಡಿ ಇದೆ. ಅದು ಒಂದು ಕಡೆ ತಿರುಗಿದರೆ ಚೋಕಿನ ಗದ್ದಲವನ್ನು ಚೆನ್ನಾಗಿ ಕೇಳಿಸಿಕೊಳ್ಳುತ್ತದೆ, ಇನ್ನೊಂದು ಕಡೆ ತಿರುಗಿದರೆ ಅದಕ್ಕೆ ಕಿವುಡಾಗುತ್ತದೆ. ನಮ್ಮ ಯಜಮಾನರ ಕಿವಿಯೂ ಈ ಜಾತಿಯದೇ. ಮಿರ್ಚಿ ಬಜ್ಜಿ ಎಂದರೆ ಹಿತ್ತಿಲಿನಿಂದಲೂ ಕೇಳುತ್ತದೆ, ಗ್ಯಾಸ್ ಸಿಲಿಂಡರ್ ಎಂದರೆ ಪಕ್ಕದಲ್ಲಿದ್ದರೂ ಇಲ್ಲ.

ಇಷ್ಟು ತಿಳಿದ ಮೇಲೆ ಅತ್ತೆಯವರಿಗೆ ಹೇಳಬೇಕಿತ್ತು. ಆದರೆ ವಯಲೆಟ್ಟಿನಲ್ಲಿ ಆಗಷ್ಟೇ ಸಾಸಿವೆ ಗಾತ್ರದ ಮೊಗ್ಗು ಕಂಡಿತ್ತು, ದೀಪ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಜೊತೆಗೆ ನನಗೊಂದು ತುಂಟ ಯೋಚನೆ ಬಂತು. ಎಮ್ಮಿಗನೂರಿಗೆ ಫೋನು ಮಾಡಿದೆ.

"ಮಾವಾರ, ಅತ್ತೆಯವರ ರೇಡಿಯೊ ನಿಮ್ಮೂರ ಕಡೆ ತಿರುಗಿಸಿದ್ರ ಗೊಣಗತೈತ್ರಿ. ಗೊಣಗೋರು ನೀವಽ ಅಂತಾರ."

ಆ ಕಡೆಯಿಂದ ದೊಡ್ಡ ನಗು. "ನಾನ? ರೇಡಿಯೊದಾಗ? ಅಕ್ಕ ಹಂಗಂದ್ಲಾ?" ನಗು ನಿಂತ ಮೇಲೆ ದನಿ ಸ್ವಲ್ಪ ಸಣ್ಣದಾಯಿತು. "ಭಾಳ ಸಿಟ್ಟಾಗ್ಯಾಳೇನವಾ?"

ಮರುದಿನ ಸಂಜೆಯೇ ಗಂಡಹೆಂಡತಿ ಬಂದಿಳಿದರು. ಕುಂಕುಮ, ಕಾಯಿ, ಒಂದು ಕಟ್ಟು ಕಬ್ಬು. ಅತ್ತೆಯವರು ಕುಂದ್ರು ಎಂದೂ ಅನ್ನಲಿಲ್ಲ, ಸೀದಾ ರೇಡಿಯೊ ತಂದು ಕಂಪ್ಲಿಯ ಕಡೆ ತಿರುಗಿಸಿ ತಮ್ಮನ ಮುಂದೆ ಇಟ್ಟರು. ಗೊರಗೊರ.

"ಕೇಳಲೇ, ನಿಂದಽ ದನಿ."

"ಅಕ್ಕಾ, ನಾ ಇಲ್ಲೇ ಕುಂತೀನಲ್ಲ!"

"ಕುಂತೀಯಲ್ಲ, ಕರೆದೀಯೇನು?"

ಮಾವ ಹೆಂಡತಿಯ ಮುಖ ನೋಡಿದರು. ಆಕೆ ಎದ್ದು ಅತ್ತೆಯವರ ಹಣೆಗೆ ಕುಂಕುಮ ಹಚ್ಚಿದರು. ಮಾವ ಟವೆಲು ಹೆಗಲಿನಿಂದ ಇಳಿಸಿ, "ನೀ ಬಂದು ನಿಂತ ಮ್ಯಾಲೇ ಒಲಿ ಹಚ್ಚೋದು ಅಕ್ಕ, ತಪ್ಪಾತು," ಎಂದರು. ಅತ್ತೆಯವರು ಒಗ್ಗರಣಿ ಮಂಡಕ್ಕಿ ಕಲಸುತ್ತೇನೆಂದು ಅಡುಗೆಮನೆಗೆ ಹೋದರು.

ನನ್ನ ಹೊಂಚು ಇದ್ದದ್ದು ಈ ಗಳಿಗೆಗೇ. ನೀರು ಕೊಟ್ಟು ಮೆಲ್ಲನೆ ಒಳಕೋಣೆಗೆ ಜಾರಿ ದೀಪ ಆರಿಸುವುದು, ಪವಾಡ ಜರುಗುವುದು. ಆದರೆ ನೀರಿನ ಚೊಂಬು ಇನ್ನೂ ನನ್ನ ಕೈಯಲ್ಲೇ ಇತ್ತು, ಅಷ್ಟರಲ್ಲೇ ರೇಡಿಯೊ ತನ್ನಷ್ಟಕ್ಕೆ ಸ್ವಚ್ಛವಾಗಿ ಹಾಡತೊಡಗಿತು. ಮಾವ ಕೂಗಿದರು: "ಅಕ್ಕಾ, ಗೊಣಗೋದು ನಿಂತಿತು!"

ಅಡುಗೆಮನೆಯಿಂದ ಉತ್ತರ ಬಂತು: "ನಿಲ್ಲದ ಏನ್ ಮಾಡತೈತಿ. ಕರೆಯೋದು ಕರೆದೀ, ಮುಗೀತು."

ನಾನು ಒಳಕೋಣೆಗೆ ಹೋದೆ. ದೀಪ ಆರಿತ್ತು. ಬಿಳಿಯ ಸ್ವಿಚ್ಚಿನ ಮೇಲೆ ಹಸಿಹಸಿಯಾಗಿ ಒಂದು ಅರಿಶಿನದ ಬೆರಳಚ್ಚು. ಒಗ್ಗರಣೆಯ ಎಣ್ಣೆಯೂ ಕೂಡಿ ಮಿಂಚುತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅತ್ತೆಯವರು ತಲೆಯೆತ್ತದೆ ಮಂಡಕ್ಕಿ ಕಲಸುತ್ತಿದ್ದರು. "ಏನ್ ನೋಡ್ತಿ? ಮಿರ್ಚಿ ಕರಿ, ಎಣ್ಣಿ ಕಾದೈತಿ."

ಮಿರ್ಚಿ ಕರಿಯುತ್ತಾ ಹಿಂದಿನ ಸಂಜೆಗಳನ್ನೆಲ್ಲ ನೆನೆದೆ. ಅತ್ತೆಯವರು ರೇಡಿಯೊ ಕಂಪ್ಲಿಯ ಕಡೆ ತಿರುಗಿಸುತ್ತಿದ್ದುದು ಯಾವಾಗಲೂ ನಾನು ಪಕ್ಕದಲ್ಲಿದ್ದಾಗ. ನನ್ನ ಕಾನ್ವೆಂಟಿನ ಪ್ರಗತಿಪತ್ರದಲ್ಲಿ ಪ್ರತಿ ವರ್ಷ ಒಂದೇ ಷರಾ ಇರುತ್ತಿತ್ತು: ತುಂಬಾ ಮಾತಾಡುತ್ತಾಳೆ. ದೊಡ್ಡ ಸಿಸ್ಟರ್ ಅದನ್ನು ದೋಷವೆಂದು ಬರೆದರು. ಅತ್ತೆಯವರು ಸೌಕರ್ಯವೆಂದು ಬಳಸಿಕೊಂಡರು. ಚೋಕಿನ ಪ್ರಸಾರ ಪಡಸಾಲೆ ದಾಟುವುದಿಲ್ಲ. ಎಮ್ಮಿಗನೂರಿಗೆ ಮುಟ್ಟಬೇಕಾದರೆ ನನ್ನಂಥ ಕೇಂದ್ರವೇ ಬೇಕು.

ಹೊಸ ಒಲೆಯ ಮೇಲೆ ಹಾಲು ಅತ್ತೆಯವರ ಎದುರಿಗೇ ಉಕ್ಕಿತು. ವಯಲೆಟ್ ಈಗ ಹೂ ಬಿಟ್ಟಿದೆ. ವಚನದ ಹೊತ್ತಿಗೆ ದೀಪ ಆರಿಸುವುದು, ಆಮೇಲೆ ಹಚ್ಚುವುದು ಎಂದು ಯಾರೂ ಹೇಳದೆಯೇ ಒಪ್ಪಂದವಾಗಿದೆ.

ಮೊನ್ನೆ ದೀಪ ಆರಿತ್ತು, ರೇಡಿಯೊ ಸ್ಫಟಿಕದಂತೆ ಹಾಡುತ್ತಿತ್ತು. ಅತ್ತೆಯವರು ನನ್ನ ಪಕ್ಕ ಬಂದು ಕೂತು, ಡಬ್ಬಿಯನ್ನು ಸಂಡೂರಿನ ಕಡೆ ತಿರುಗಿಸಿ, ಕಿವಿಗೊಟ್ಟು ಕೇಳಿ, ನಿಟ್ಟುಸಿರು ಬಿಟ್ಟರು. "ಯಾಕೋ ಈಗೀಗ ಈ ಕಡೀನೂ ಗೊರಗೊರ ಅಂತೈತವಾ."

ಸಂಡೂರಿಗೆ ಕೊಟ್ಟ ಅವರ ಮಗಳು ತವರಿಗೆ ಬಂದು ಬಹಳ ದಿನವಾಗಿತ್ತು.

"ಹೌದ್ರಿ ಅತ್ತಿ, ಭಾಳ ಗೊರಗೊರ," ಎಂದು ನಾನು ಫೋನು ಹುಡುಕಿದೆ.